ಡೈಪರ್ ಬಿಟ್ಟು ಬಟ್ಟೆ ಲಂಗೋಟಿಗೆ: ಬದಲಾಯಿಸುವ ಮುನ್ನ ತಿಳಿದಿರಬೇಕಾದದ್ದು

ಮಗುವಿಗೆ ಹುಟ್ಟಿದಾಗಿನಿಂದ ಬಿಸಾಡುವ ಡೈಪರ್ ಹಾಕಿ ಅಭ್ಯಾಸವಾಗಿದೆ. ಈಗ ಬಟ್ಟೆಗೆ ಬದಲಾಯಿಸಬೇಕು ಅಂದುಕೊಂಡಿದ್ದೀರಿ. ಕಾರಣ ತಿಂಗಳ ಖರ್ಚಿರಬಹುದು, ಮತ್ತೆ ಮತ್ತೆ ಏಳುವ ದದ್ದಿರಬಹುದು, ದಿನವೂ ಕಸದ ಬುಟ್ಟಿ ತುಂಬುವುದನ್ನು ನೋಡಿ ಆಗುವ ಬೇಸರವಿರಬಹುದು. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ ‘ನಾವೆಲ್ಲ ನಿಮ್ಮನ್ನು ಹೀಗೇ ಬೆಳೆಸಿದ್ದು’ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಲೂ ಇರಬಹುದು. ಯಾವ ವಯಸ್ಸಿನಲ್ಲಾದರೂ ಬದಲಾಯಿಸಬಹುದು, ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳಲು ಸಮಯ ಬೇಕಾಗುವುದು ದೊಡ್ಡವರಿಗೆ.

ನಾನು ಫಾರ್ಮಸಿಸ್ಟ್. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತ ವರ್ಷಗಳಲ್ಲಿ ಗಮನಿಸಿದ್ದು ಇಷ್ಟು: ಬಟ್ಟೆ ಲಂಗೋಟಿಯಿಂದಲೇ ಮಗುವಿಗೆ ತೊಂದರೆಯಾದದ್ದು ಕಡಿಮೆ. ಅದರ ಜೊತೆಗೆ ಮನೆಗೆ ಬರುವ ಪೌಡರು, ಮುಲಾಮು, ಆಂಟಿಸೆಪ್ಟಿಕ್ ದ್ರಾವಣ, ಟ್ರಂಕಿನ ನುಸಿಗುಳಿಗೆ ಇವುಗಳಿಂದ ಆದದ್ದು ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎರಡಕ್ಕೂ ಇರುವ ವ್ಯತ್ಯಾಸ

ಬಿಸಾಡುವ ಡೈಪರಿನ ಒಳಪದರದಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ಇರುತ್ತದೆ. ಅದು ತನ್ನ ತೂಕದ ಹಲವು ಪಟ್ಟು ಮೂತ್ರವನ್ನು ಹೀರಿ ಲೋಳೆಯಂತಾಗಿ ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಡೈಪರ್ ಹರಿದಾಗ ಹೊರಬರುವ ಹರಳುಹರಳಾದ ಲೋಳೆ ಅದೇ. ಚರ್ಮಕ್ಕೆ ತಾಗಿದರೆ ಗಾಬರಿ ಬೇಡ, ಒರೆಸಿದರೆ ಸಾಕು. ಬಟ್ಟೆಗೆ ಈ ಶಕ್ತಿ ಇಲ್ಲ. ಹೀರಿದ ಮೂತ್ರ ಬಟ್ಟೆಯಲ್ಲೇ ಇರುತ್ತದೆ, ಚರ್ಮಕ್ಕೆ ತಾಗುತ್ತಲೇ ಇರುತ್ತದೆ.

ದದ್ದು ಏಳುವುದು ಹೇಗೆಂದು ತಿಳಿದರೆ ಉಳಿದದ್ದು ಸುಲಭ. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾದಿಂದ ಚರ್ಮದ ಸಹಜವಾದ ಸ್ವಲ್ಪ ಆಮ್ಲೀಯ ಗುಣ ಹೋಗುತ್ತದೆ. ಆಗ ಮಲದಲ್ಲಿರುವ ಜೀರ್ಣರಸದ ಕಿಣ್ವಗಳು ಚುರುಕಾಗಿ ಚರ್ಮದ ಮೇಲ್ಪದರವನ್ನೇ ಕೆಡಿಸುತ್ತವೆ. ಒದ್ದೆಯಾಗಿ ಮೆತ್ತಗಾದ ಚರ್ಮ ಬಟ್ಟೆಗೆ ಉಜ್ಜಿದಾಗ ಇನ್ನೂ ಬೇಗ ಕಿತ್ತುಬರುತ್ತದೆ. ಮೂತ್ರಕ್ಕಿಂತ, ಮೂತ್ರ ಮತ್ತು ಮಲ ಒಟ್ಟಿಗೆ ನಿಂತಿರುವ ಹೊತ್ತು ಹೆಚ್ಚು ಅಪಾಯದ್ದು.

ಬಟ್ಟೆ ಮತ್ತು ಬಿಸಾಡುವ ಡೈಪರುಗಳಲ್ಲಿ ಯಾವುದು ದದ್ದು ತಡೆಯುತ್ತದೆ ಎಂದು 2006ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯೊಂದು ಅದುವರೆಗಿನ ಅಧ್ಯಯನಗಳನ್ನು ಒರೆಗೆ ಹಚ್ಚಿತು. ಬಿಸಾಡುವುದೇ ಮೇಲು ಎನ್ನಲೂ, ಅಲ್ಲ ಎನ್ನಲೂ ಸಾಕಷ್ಟು ಗಟ್ಟಿಯಾದ ಪುರಾವೆ ಅದಕ್ಕೆ ಸಿಗಲಿಲ್ಲ. ಆದ್ದರಿಂದ ‘ಬಟ್ಟೆ ಹಾಕಿದರೆ ದದ್ದೇ ಬರುವುದಿಲ್ಲ’ ಎಂಬ ಮಾತನ್ನಾಗಲಿ, ಡೈಪರ್ ಜಾಹೀರಾತಿನ ‘12 ಗಂಟೆ ಒಣ’ ಎಂಬ ಮಾತನ್ನಾಗಲಿ ಪೂರ್ತಿ ನಂಬಬೇಡಿ. ಡೈಪರಿನಲ್ಲಿ ಮೂತ್ರ ಒಣಗಿದಂತೆ ಕಂಡರೂ ಮಲ ಒಣಗುವುದಿಲ್ಲ.

ಬಟ್ಟೆಯಲ್ಲಿ ಪಾಲಿಸಬೇಕಾದ ನಿಯಮ ಒಂದೇ. ಮಲ ಮಾಡಿದ ಕೂಡಲೇ ಬದಲಾಯಿಸಿ. ಬರೀ ಲಂಗೋಟಿಯಾದರೆ ಒದ್ದೆಯಾದಾಗಲೆಲ್ಲ, ಹೊರಗವಚ ಇರುವ ಬಟ್ಟೆ ಡೈಪರ್ ಆದರೆ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ.

ಯಾವ ಬಟ್ಟೆ, ಎಷ್ಟು ಬೇಕು

ಮೂರು ಬಗೆಯವು ಸಿಗುತ್ತವೆ. ಮೊದಲನೆಯದು ನಮಗೆಲ್ಲ ಗೊತ್ತಿರುವ ದಾರ ಕಟ್ಟುವ ಹತ್ತಿ ಲಂಗೋಟಿ, ಅಥವಾ ಚೌಕವಾಗಿ ಕತ್ತರಿಸಿ ಮಡಚಿ ಹಾಕುವ ಬಟ್ಟೆ. ಬೇಗ ಒಣಗುತ್ತದೆ, ಗಾಳಿಯಾಡುತ್ತದೆ, ಅಗ್ಗ. ಆದರೆ ಒಂದು ಸಲ ಉಚ್ಚೆ ಹೊಯ್ದರೆ ಮಗುವಿನ ಜೊತೆ ನಿಮ್ಮ ಮಡಿಲೂ ಒದ್ದೆ. ಎರಡನೆಯದು ಅದೇ ಹತ್ತಿಯ ಮಡಿಕೆಯ ಮೇಲೆ ನೀರು ಸೋರದ ಕವಚ ಹಾಕುವುದು. ಮೂರನೆಯದು ಜೇಬಿನಂಥ ಹೊಲಿಗೆಯೊಳಗೆ ಹೀರುವ ಪ್ಯಾಡ್ ತೂರಿಸುವ, ಗುಂಡಿ ಒತ್ತಿ ಮುಚ್ಚುವ ಹೊಸ ಬಗೆಯ ಬಟ್ಟೆ ಡೈಪರ್. ಈ ಮೂರನೆಯದರಲ್ಲಿ ಪ್ಯಾಡ್ ಮೈಕ್ರೋಫೈಬರಿನದಾಗಿದ್ದರೆ ಅದನ್ನು ಎಂದೂ ನೇರವಾಗಿ ಚರ್ಮಕ್ಕೆ ತಾಗುವಂತೆ ಇಡಬೇಡಿ. ಅದು ಚರ್ಮದ ತೇವವನ್ನೂ ಹೀರಿ ಉರಿ ತರಿಸುತ್ತದೆ. ಜೇಬಿನೊಳಗೇ ಇರಲಿ.

ಪುಟ್ಟ ಶಿಶು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತದೆ. ದಿನವೂ ಒಗೆಯುವಂತಿದ್ದರೆ 25ರಿಂದ 30 ಲಂಗೋಟಿ, ಅಥವಾ 15ರ ಆಸುಪಾಸು ಬಟ್ಟೆ ಡೈಪರ್ ಸಾಕು. ಮುಂಬೈ, ಪುಣೆಯ ಮಳೆಗಾಲದಲ್ಲೂ ದೆಹಲಿಯ ಡಿಸೆಂಬರ್–ಜನವರಿಯಲ್ಲೂ ಒಣಗಲು ಎರಡು ದಿನ ಹಿಡಿಯುತ್ತದೆ, ಆಗ ಇನ್ನೊಂದಿಷ್ಟು ಬೇಕಾಗುತ್ತದೆ. ಅಂಥ ಹವೆಗೆ ದಪ್ಪ ಪ್ಯಾಡಿಗಿಂತ ತೆಳ್ಳನೆಯ ಬಟ್ಟೆಯನ್ನು ಮಡಚಿ ಹಾಕುವುದೇ ವಾಸಿ, ಬಿಚ್ಚಿ ಹರವಿದರೆ ಫ್ಯಾನಿನ ಗಾಳಿಗೂ ಒಣಗುತ್ತದೆ. ಮೊದಲೇ ದೊಡ್ಡ ಸೆಟ್ ಕೊಂಡುಬಿಡಬೇಡಿ. ಎರಡು ಮೂರು ತಂದು ನಿಮ್ಮ ಮಗುವಿನ ತೊಡೆಗೆ ಸರಿಹೊಂದುತ್ತದೆಯೇ, ಪಕ್ಕದಿಂದ ಸೋರುತ್ತದೆಯೇ ನೋಡಿ. ಹೊಸ ಹತ್ತಿ ಬಟ್ಟೆ ಮೊದಮೊದಲು ನೀರು ಹೀರುವುದಿಲ್ಲ. ಮೂರು ನಾಲ್ಕು ಸಲ ಒಗೆದ ಮೇಲೆ ಹೀರಲು ಶುರುಮಾಡುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನವೇ ‘ಇದು ಸೋರುತ್ತೆ’ ಎಂದು ಮೂಲೆಗೆ ಹಾಕಿದವರಿದ್ದಾರೆ.

ಟ್ರಂಕಿನ ಹಳೆಯ ಸೀರೆ ಮತ್ತು ನುಸಿಗುಳಿಗೆ

ಹಳೆಯ ಕಾಟನ್ ಸೀರೆ, ಅಪ್ಪನ ಹಳೆಯ ಪಂಚೆ ಇವುಗಳಿಗಿಂತ ಮೆತ್ತನೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಗೆದೊಗೆದು ನೂಲು ಹದವಾಗಿರುತ್ತದೆ, ಹೀರುವ ಶಕ್ತಿಯೂ ಚೆನ್ನಾಗಿರುತ್ತದೆ. ಆದರೆ ಆ ಸೀರೆ ಇಷ್ಟು ವರ್ಷ ಎಲ್ಲಿತ್ತು ಎಂದು ಮೊದಲು ಕೇಳಿ.

ಟ್ರಂಕಿನಲ್ಲೋ ಬೀರುವಿನಲ್ಲೋ ನುಸಿಗುಳಿಗೆಯ ಜೊತೆ ಇದ್ದರೆ ಅದನ್ನು ಮಗುವಿಗೆ ಬಳಸಬೇಡಿ. ಬಿಳಿಯ ಗುಂಡನೆಯ ಆ ಗುಳಿಗೆಗಳಲ್ಲಿ ಹೆಚ್ಚಾಗಿ ಇರುವುದು ನ್ಯಾಫ್ತಲೀನ್. ಅದು ಆವಿಯಾಗಿ ಬಟ್ಟೆಯ ನೂಲಿಗೆ ಸೇರುತ್ತದೆ, ಬಟ್ಟೆಯಿಂದ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಮಗುವಿನ ಮೈಗೆ ಸೇರುತ್ತದೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತು. ಎಣ್ಣೆ ಹಚ್ಚಿ ತಿಕ್ಕಿದ ಮೈಗೆ ಇಂಥ ಬಟ್ಟೆ ಸುತ್ತಿದರೆ ಇನ್ನೂ ಸುಲಭವಾಗಿ ಒಳಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಎರೆಯುವ ಮುನ್ನ ಎಣ್ಣೆ ಹಚ್ಚುವುದು, ಎರೆದ ಮೇಲೆ ಹಳೆಯ ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು ಎರಡೂ ರೂಢಿ.

ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಈ ಕಿಣ್ವ ಕೆಂಪು ರಕ್ತಕಣಗಳನ್ನು ಕಾಪಾಡುವಂಥದ್ದು. ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ, ಭಾರತದ ಹಲವು ಸಮುದಾಯಗಳಲ್ಲಿದೆ. ಎಲ್ಲ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಡಲೇ ಇದರ ಪರೀಕ್ಷೆ ಮಾಡುವುದಿಲ್ಲ, ಆದ್ದರಿಂದ ಬಹಳ ಮನೆಯವರಿಗೆ ಕೊರತೆ ಇರುವುದೇ ತಿಳಿದಿರುವುದಿಲ್ಲ. ಇಂಥ ಮಗುವಿಗೆ ನ್ಯಾಫ್ತಲೀನ್ ಸೋಂಕಿದರೆ ರಕ್ತಕಣಗಳು ಒಮ್ಮೆಲೇ ಒಡೆಯುತ್ತವೆ. ರಕ್ತ ಕಡಿಮೆಯಾಗುತ್ತದೆ, ಕಾಮಾಲೆ ಏರುತ್ತದೆ. ನವಜಾತ ಶಿಶುವಿನಲ್ಲಿ ಕಾಮಾಲೆ ತುಂಬಾ ಏರಿದರೆ ಮಿದುಳಿಗೇ ಹಾನಿಯಾಗಬಹುದು. ನುಸಿಗುಳಿಗೆಯ ಜೊತೆ ಇಟ್ಟಿದ್ದ ಲಂಗೋಟಿ, ಹೊದಿಕೆಗಳಿಂದಲೇ ಹೀಗಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

‘ಒಗೆದು ಬಿಸಿಲಿಗೆ ಹಾಕಿದರೆ ಹೋಗಲ್ವಾ?’ ಎಂದು ಕೇಳುತ್ತಾರೆ. ಒಂದು ಒಗೆತಕ್ಕೆ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ. ಹಳೆಯ ಬಟ್ಟೆಯೇ ಬೇಕೆಂದಿದ್ದರೆ ದಿನನಿತ್ಯ ಉಟ್ಟು ಒಗೆಯುತ್ತಿದ್ದ ಸೀರೆ, ಪಂಚೆಯನ್ನು ಆರಿಸಿಕೊಳ್ಳಿ. ಮಗುವಿನ ಬಟ್ಟೆ ಇಡುವ ಕಪಾಟಿನಲ್ಲಿ ನುಸಿಗುಳಿಗೆ ಬೇಡವೇ ಬೇಡ. ಅಜ್ಜಿಗೆ ಇದನ್ನು ಹೇಳುವಾಗ ಸೀರೆಯ ಮೇಲೆ ತಪ್ಪು ಹೊರಿಸಬೇಡಿ, ತಪ್ಪು ಗುಳಿಗೆಯದು. ಇಂಥ ಬಟ್ಟೆ ಈಗಾಗಲೇ ಬಳಸಿದ್ದು, ಮಗುವಿನ ಕಣ್ಣು, ಮೈ ಹಳದಿಯಾಗಿದ್ದರೆ, ಬಿಳಿಚಿಕೊಂಡಿದ್ದರೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಹಾಲು ಕುಡಿಯದೆ ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನುಸಿಗುಳಿಗೆಯ ಸಂಗತಿಯನ್ನು ನೀವಾಗಿಯೇ ವೈದ್ಯರಿಗೆ ಹೇಳಿ. ಅವರು ಕೇಳದೇ ಇರಬಹುದು.

ಹಳೆಯ ಬಟ್ಟೆಯಲ್ಲಿ ಇನ್ನೊಂದು ಸಣ್ಣ ಅಪಾಯ, ಸಡಿಲವಾದ ನೂಲಿನ ಎಳೆ. ಹರಿದ ಅಂಚಿನ ಎಳೆ ಮಗುವಿನ ಕಾಲ್ಬೆರಳಿಗೋ ಗಂಡುಮಗುವಿನ ಶಿಶ್ನಕ್ಕೋ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಹುದು. ಅಂಚನ್ನು ಮಡಚಿ ಹೊಲಿಸಿ. ಕಾರಣ ಗೊತ್ತಾಗದೆ ಮಗು ಒಂದೇ ಸಮನೆ ಅಳುತ್ತಿದ್ದರೆ ಲಂಗೋಟಿ ಬಿಚ್ಚಿ ಬೆರಳುಗಳನ್ನೂ ನೋಡಿ. ಪಿನ್ನು ಬೇಡ, ದಾರ ಸಾಕು. ಹೊಕ್ಕುಳಬಳ್ಳಿ ಬೀಳುವ ತನಕ ಗಂಟು ಅದರ ಕೆಳಗಿರಲಿ.

ಬದಲಾವಣೆ ಸ್ವಲ್ಪಸ್ವಲ್ಪವಾಗಿ

ಮಗುವಿಗೆ ಭೇದಿ ಇರುವಾಗ, ದದ್ದು ಎದ್ದಿರುವಾಗ, ಆಂಟಿಬಯಾಟಿಕ್ ಸಿರಪ್ ಕುಡಿಯುತ್ತಿರುವಾಗ ಶುರುಮಾಡಬೇಡಿ. ಆಂಟಿಬಯಾಟಿಕ್ ಕೊಟ್ಟಾಗ ಮಲ ತೆಳುವಾಗುವುದು, ಶಿಲೀಂಧ್ರದ ದದ್ದು ಬರುವುದು ಸಾಮಾನ್ಯ. ಆಗ ಆದದ್ದಕ್ಕೆಲ್ಲ ಪಾಪದ ಬಟ್ಟೆಯ ಮೇಲೆ ಗೂಬೆ ಕೂರಿಸಿಬಿಡುತ್ತೇವೆ.

ಮನೆಯಲ್ಲಿ ಇಬ್ಬರಿರುವ ರಜೆಯ ದಿನ ಬೆಳಗ್ಗೆ ಎರೆದ ಮೇಲೆ ಮೊದಲ ಬಟ್ಟೆ ಹಾಕಿ. ಒಂದು ವಾರ ಹಗಲು ಮಾತ್ರ ಬಟ್ಟೆ, ರಾತ್ರಿ ಮತ್ತು ಹೊರಗೆ ಹೋಗುವಾಗ ಹಳೆಯ ಡೈಪರ್. ಕೈ ಕುದುರಿದ ಮೇಲೆ ಹೊರಗೆ ಹೋಗುವಾಗಲೂ ಬಟ್ಟೆ, ಒದ್ದೆಯದನ್ನು ಇಡಲು ಜಿಪ್ ಇರುವ ಒಂದು ಚೀಲ. ರಾತ್ರಿಯದು ಕೊನೆಗೆ. ರಾತ್ರಿಗೆಂದೇ ಬಿಸಾಡುವ ಡೈಪರ್ ಉಳಿಸಿಕೊಳ್ಳುವವರು ಬಹಳ ಮಂದಿ, ಅದರಲ್ಲಿ ಸೋತಂತೇನೂ ಇಲ್ಲ. ಒಂದು ಡೈಪರಿಗೆ 10 ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ ಏಳರಂತೆ ತಿಂಗಳಿಗೆ 2,100 ರೂಪಾಯಿ. ರಾತ್ರಿಗೊಂದೇ ಆದರೆ 300.

ಒಗೆಯುವಾಗ

ಮಲವನ್ನು ಮೊದಲು ಟಾಯ್ಲೆಟ್ಟಿಗೆ ಹಾಕಿ, ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿ. ಅಡುಗೆಮನೆಯ ಸಿಂಕ್ ಇದಕ್ಕಲ್ಲ. ಉಚ್ಚೆಯ ಬಟ್ಟೆಯನ್ನೂ ಒಮ್ಮೆ ಜಾಲಿಸಿಯೇ ಬಕೆಟಿಗೆ ಹಾಕಿ. ಮುಚ್ಚಳ ಬಿಗಿದ ಬಕೆಟಿನಲ್ಲಿ ನೀರು ತುಂಬಿ ದಿನಗಟ್ಟಲೆ ನೆನೆಸಿಡಬೇಡಿ. ವಾಸನೆ ಹೆಚ್ಚುತ್ತದೆ, ತೆವಳುವ ಮಗುವಿರುವ ಮನೆಯಲ್ಲಿ ನೀರು ತುಂಬಿದ ಬಕೆಟೇ ಅಪಾಯ. ಆಮೇಲೆ ಮಾಮೂಲಿ ಡಿಟರ್ಜೆಂಟಿನಲ್ಲಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಮಗುವಿಗೆ ಭೇದಿಯಿದ್ದಾಗ ಬಿಸಿನೀರಿನ ಒಗೆತ ಒಳ್ಳೆಯದು, 60 ಡಿಗ್ರಿ ಇಡಬಹುದಾದ ಮೆಷಿನ್ ಇದ್ದರೆ ಅದನ್ನು ಬಳಸಿ. ಬರೀ ಹತ್ತಿಯನ್ನು ಕುದಿಸಬಹುದು, ನೀರು ಸೋರದ ಕವಚವನ್ನು ಕುದಿಸಬೇಡಿ, ಅದರ ಪದರ ಬಿಟ್ಟುಹೋಗುತ್ತದೆ. ಒಗೆದಾದ ಮೇಲೆ, ಬದಲಾಯಿಸಿದ ಪ್ರತಿಸಲವೂ ಸೋಪಿನಿಂದ ಕೈ ತೊಳೆಯಿರಿ. ಮನೆಗೆಲಸದವರು ಒಗೆಯುವುದಾದರೆ ಮಲವನ್ನು ತೆಗೆದು ಜಾಲಿಸಿ ಕೊಡುವ ಕೆಲಸ ನಿಮ್ಮದು.

ಹಾಕಬಾರದ್ದು ಎರಡು. ಬಟ್ಟೆ ಮೆದುವಾಗಲೆಂದು ಹಾಕುವ ಫ್ಯಾಬ್ರಿಕ್ ಕಂಡಿಷನರ್ ನೂಲಿನ ಮೇಲೆ ಜಿಡ್ಡಿನಂಥ ಪದರ ಕೂರಿಸುತ್ತದೆ, ಬಟ್ಟೆ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಎರಡನೆಯದು ಕೊನೆಯ ನೀರಿಗೆ ಆಂಟಿಸೆಪ್ಟಿಕ್ ದ್ರಾವಣದ ಒಂದು ಮುಚ್ಚಳ ಹಾಕುವ ಅಭ್ಯಾಸ. ಅದು ಬಟ್ಟೆಯಲ್ಲೇ ಉಳಿದು, ಇಡೀ ದಿನ ಒದ್ದೆ ಚರ್ಮಕ್ಕೆ ತಾಗಿ ಉರಿ ತರಿಸುತ್ತದೆ. ಬಾಟಲಿಯ ಮೇಲಿನ ಸೂಚನೆಗಳನ್ನು ಕನ್ನಡಕ್ಕೆ ತರುವುದು ನನ್ನ ಇನ್ನೊಂದು ಕೆಲಸ. ಎಷ್ಟು ಚೊಕ್ಕವಾಗಿ ಅನುವಾದಿಸಿದರೂ ‘ಸ್ವಲ್ಪ ಹೆಚ್ಚು ಹಾಕಿದರೆ ಸ್ವಲ್ಪ ಹೆಚ್ಚು ಶುದ್ಧ’ ಎಂಬ ನಂಬಿಕೆಯ ಮುಂದೆ ಆ ಸೂಚನೆ ನಿಲ್ಲುವುದಿಲ್ಲ.

ಚೆನ್ನೈ, ಹೈದರಾಬಾದಿನ ಬಹಳ ಕಡೆ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಸೋಪು ಸರಿಯಾಗಿ ಕೆಲಸ ಮಾಡದೆ ಬಟ್ಟೆಯಲ್ಲೇ ಉಳಿಯುತ್ತದೆ, ಒಣಗಿದಾಗ ಬಟ್ಟೆ ಹಪ್ಪಳದಂತೆ ಗಟ್ಟಿ. ಇನ್ನೊಂದು ಬಾರಿ ಜಾಲಿಸಿ, ಸಾಧ್ಯವಾದರೆ ಕೊನೆಯ ನೀರು ಕಾರ್ಪೊರೇಷನ್ನಿನದೋ ಟ್ಯಾಂಕರಿನದೋ ಸಿಹಿನೀರಾಗಿರಲಿ. ಒಗೆದು ಒಣಗಿದ ಬಟ್ಟೆ ಮಗು ಒದ್ದೆ ಮಾಡಿದ ಕೂಡಲೇ ಮೂಗಿಗೆ ಅಡರುವಂತೆ ನಾತ ಬಿಟ್ಟರೆ ಹಳೆಯ ಮೂತ್ರ ಪೂರ್ತಿ ಹೋಗಿಲ್ಲವೆಂದು ಅರ್ಥ. ಡಿಟರ್ಜೆಂಟ್ ಕಡಿಮೆಯಾಗಿದೆ, ಇಲ್ಲವೇ ಮೆಷಿನ್ ತುಂಬಾ ತುರುಕಿದ್ದೀರಿ. ಬಿಸಿಲಿದ್ದರೆ ಬಿಸಿಲಿಗೆ ಹಾಕಿ. ಇಲ್ಲದಿದ್ದಾಗ ಫ್ಯಾನಿನಡಿ ಒಣಗಿಸಿ, ಹತ್ತಿಯಾದರೆ ಇಸ್ತ್ರಿ ಮಾಡಿ. ಅರೆಬರೆ ಒಣಗಿದ್ದನ್ನು ಮಾತ್ರ ಹಾಕಬೇಡಿ.

ದದ್ದು ಎದ್ದರೆ

ಉಬ್ಬಿದ ಜಾಗದಲ್ಲಿ, ಅಂದರೆ ಕುಂಡಿ, ತೊಡೆಯ ಒಳಭಾಗದಲ್ಲಿ ಕೆಂಪಾಗಿದ್ದು, ಸಂದುಗಳ ಒಳಗೆ ಚರ್ಮ ಚೆನ್ನಾಗಿದ್ದರೆ ಅದು ಸಾಮಾನ್ಯವಾಗಿ ಒದ್ದೆಯಿಂದ ಆದ ಉರಿ. ಕೆಂಪು ಗಾಢವಾಗಿದ್ದು ತೊಡೆಸಂದಿನ ಒಳಕ್ಕೂ ಹೋಗಿದ್ದು, ಸುತ್ತ ಚದುರಿದಂತೆ ಸಣ್ಣ ಗುಳ್ಳೆಗಳಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿರಬಹುದು. ಮೊದಲನೆಯದಕ್ಕೆ ಮನೆಯಲ್ಲೇ ಉಪಚಾರ ಸಾಕು. ಬೆಚ್ಚನೆ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ದಿನದಲ್ಲಿ ಹಲವು ಸಲ ಸ್ವಲ್ಪ ಹೊತ್ತು ಲಂಗೋಟಿಯಿಲ್ಲದೆ ಮಲಗಿಸಿ. ಝಿಂಕ್ ಆಕ್ಸೈಡ್ ಇರುವ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪಗೆ ಹಚ್ಚಿ. ಪ್ರತಿಸಲ ಅದನ್ನು ಪೂರ್ತಿ ಉಜ್ಜಿ ತೆಗೆಯಬೇಡಿ, ಮಲ ಹತ್ತಿದ ಮೇಲ್ಪದರ ಮಾತ್ರ ಒರೆಸಿ ಮತ್ತೆ ಹಚ್ಚಿ. ಈ ಮುಲಾಮು ಬಟ್ಟೆಗೆ ಅಂಟಿದರೆ ಬಟ್ಟೆ ನೀರು ಹೀರುವುದಿಲ್ಲ, ಆದ್ದರಿಂದ ಒಳಗೊಂದು ತೆಳು ಬಟ್ಟೆಯ ತುಂಡನ್ನು ಹಾಸಿ. ಕವಚ ಹಾಕುವುದನ್ನು ದದ್ದು ಮಾಯುವ ತನಕ ನಿಲ್ಲಿಸಿ.

ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಶಿಲೀಂಧ್ರದಂತೆ ಕಂಡರೆ, ಕೀವು, ನೀರುಗುಳ್ಳೆ, ಜ್ವರ ಇದ್ದರೆ ವೈದ್ಯರಿಗೆ ತೋರಿಸಿ. ಇಲ್ಲಿ ನನ್ನ ವೃತ್ತಿಯವರ ಕಡೆಗೂ ಬೆರಳು ತೋರಿಸಬೇಕು. ‘ಮಗುವಿಗೆ ದದ್ದಾಗಿದೆ, ಒಂದು ಟ್ಯೂಬ್ ಕೊಡಿ’ ಎಂದರೆ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರೂ ಬೆರೆತ ಮುಲಾಮನ್ನು ಕೈಗಿಡುವ ಅಂಗಡಿಗಳಿವೆ. ಎರಡೇ ದಿನಕ್ಕೆ ಕೆಂಪು ಮಾಯವಾಗುತ್ತದೆ, ಆದ್ದರಿಂದ ಮನೆಯವರಿಗೂ ಸಮಾಧಾನ. ಆದರೆ ಮಗುವಿನ ಚರ್ಮ ತೆಳು, ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಮೇಲೆ ಡೈಪರೋ ಪ್ಲಾಸ್ಟಿಕ್ ಕವಚವೋ ಮುಚ್ಚಿದೆ. ಹೀಗೆ ಮುಚ್ಚಿದ ಚರ್ಮದಲ್ಲಿ ಸ್ಟೀರಾಯ್ಡ್ ಹಲವು ಪಟ್ಟು ಹೆಚ್ಚು ಒಳಗಿಳಿಯುತ್ತದೆ. ಚರ್ಮ ಇನ್ನೂ ತೆಳುವಾಗುತ್ತದೆ, ಶಿಲೀಂಧ್ರ ಅಡಗಿ ಕೂತು ಮತ್ತೆ ಏಳುತ್ತದೆ. ವಾರಗಟ್ಟಲೆ ಹಚ್ಚಿದರೆ ಮುಖ ಊದಿಕೊಂಡು, ಮಗುವಿನ ಸ್ವಂತ ಹಾರ್ಮೋನೇ ಕುಂದಿ, ಬೆಳವಣಿಗೆ ನಿಲ್ಲುವ ಮಟ್ಟಕ್ಕೂ ಹೋಗಿದ್ದುಂಟು.

ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಸರ್ಕಾರ 2018ರಲ್ಲಿ ಚೀಟಿಯಿಲ್ಲದೆ ಮಾರಬಾರದ ‘ಶೆಡ್ಯೂಲ್ ಎಚ್’ ಪಟ್ಟಿಯಡಿ ತಂದಿತು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಈ ಹೆಸರುಗಳಲ್ಲಿ ಯಾವುದಿದ್ದರೂ ವೈದ್ಯರ ಚೀಟಿಯಿಲ್ಲದೆ ಮಗುವಿಗೆ ಹಚ್ಚಬೇಡಿ. ಓದಲು ಕಷ್ಟವಾದರೆ ‘ಇದರಲ್ಲಿ ಸ್ಟೀರಾಯ್ಡ್ ಇದೆಯಾ?’ ಎಂದು ಅಂಗಡಿಯವರನ್ನು ನೇರವಾಗಿ ಕೇಳಿ. ಹಿಂದಿನ ಸಲ ಉಳಿದ, ಅಥವಾ ದೊಡ್ಡವರ ಗಜಕರ್ಣಕ್ಕೆಂದು ತಂದ ಟ್ಯೂಬೂ ಬೇಡ.

ಪೌಡರೂ ಬೇಡ. ಟಾಲ್ಕಂ ಪೌಡರಿನ ದೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ, ಸಂದಿನಲ್ಲಿ ಒದ್ದೆಯಾಗಿ ಮುದ್ದೆಗಟ್ಟಿ ಚರ್ಮ ಉಜ್ಜುತ್ತದೆ. ಬೋರಿಕ್ ಪೌಡರ್ ಇನ್ನೂ ಕೆಟ್ಟದ್ದು. ಕಿತ್ತುಹೋದ ಚರ್ಮದ ಮೂಲಕ ರಕ್ತಕ್ಕೆ ಸೇರಿದರೆ ಅದು ಶಿಶುಗಳಿಗೆ ವಿಷ. ಕೇರಂ ಬೋರ್ಡಿಗೆ ಹಾಕಲು ಮಾತ್ರ ಇರಲಿ.

ಬಟ್ಟೆಯಲ್ಲಿ ಕಾಣುವ ಸುಳಿವುಗಳು

ಬಟ್ಟೆಗೆ ಬದಲಾಯಿಸಿದ ತಾಯಂದಿರು ‘ಮಗು ಈಗ ಜಾಸ್ತಿ ಉಚ್ಚೆ ಮಾಡ್ತಿದೆ’ ಎನ್ನುತ್ತಾರೆ. ಮೊದಲೂ ಅಷ್ಟೇ ಮಾಡುತ್ತಿತ್ತು, ಡೈಪರ್ ಮುಚ್ಚಿಟ್ಟಿತ್ತು ಅಷ್ಟೆ. ಇದು ಬಟ್ಟೆಯ ದೊಡ್ಡ ಉಪಕಾರ, ಮಕ್ಕಳ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಹುಟ್ಟಿದ ಐದನೇ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಸಲ ಒದ್ದೆಯಾಗುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಬಹುದು. ವಾಂತಿ, ಭೇದಿ ಇರುವ ಮಗು ಆರೆಂಟು ಗಂಟೆ ಒಮ್ಮೆಯೂ ಉಚ್ಚೆ ಮಾಡದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ, ಕೂಡಲೇ ತೋರಿಸಿ.

ಬಣ್ಣವನ್ನೂ ನೋಡಿ. ಮೊದಲ ಕೆಲವು ದಿನ ಇಟ್ಟಿಗೆಪುಡಿಯಂಥ ಕಲೆ ಕಾಣುವುದುಂಟು, ಹಾಲು ಹೆಚ್ಚಿದಂತೆ ಹೋಗುತ್ತದೆ. ಹೋಗದಿದ್ದರೆ ಹೇಳಿ. ಮಲ ಸುಣ್ಣದಂತೆ ಅಥವಾ ಜೇಡಿಮಣ್ಣಿನಂತೆ ಬಿಳಿಚಿಕೊಂಡು, ಎರಡು ವಾರ ದಾಟಿದರೂ ಕಾಮಾಲೆ ಹೋಗದಿದ್ದರೆ ‘ಬಿಸಿಲಿಗೆ ಹಿಡಿದರೆ ಸರಿಹೋಗುತ್ತೆ’ ಎಂದು ಕಾಯಬೇಡಿ. ಪಿತ್ತನಾಳ ಮುಚ್ಚಿಹೋಗಿರುವ ಕಾಯಿಲೆ ಇರಬಹುದು, ಅದರ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ಅಂಥ ಬಟ್ಟೆಯನ್ನು ಒಗೆಯುವ ಮುನ್ನ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.

ನೀರಿನ ಲೆಕ್ಕ, ಕಸದ ಲೆಕ್ಕ

‘ಒಗೆಯುವುದಕ್ಕೂ ನೀರು, ಕರೆಂಟ್ ಬೇಕಲ್ಲ?’ ಎಂಬುದು ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿದಾಗ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರಿನಿಂದ ಸುಮಾರು 550 ಕೆಜಿ, ಬಟ್ಟೆಯಿಂದ ಸರಾಸರಿ 570 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಬಂತು. ಆದರೆ ಮೆಷಿನ್ ತುಂಬಿಸಿ ಒಗೆದು, ಡ್ರೈಯರ್ ಬಿಟ್ಟು ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಲೆಕ್ಕ ಬಹಳ ಇಳಿಯಿತು. ನಮ್ಮ ಬಾಲ್ಕನಿಯ ಹಗ್ಗ ಹೇಗೂ ಇದ್ದೇ ಇದೆ. ನೀರಿಗೆ ತೀರಾ ಕೊರತೆಯಿರುವ ಬೇಸಿಗೆಯ ಎರಡು ತಿಂಗಳು ಬಟ್ಟೆಯನ್ನು ಕಡಿಮೆ ಮಾಡಿದರೂ ತಪ್ಪಿಲ್ಲ.

ರಾತ್ರಿಗೆ, ಪ್ರಯಾಣಕ್ಕೆ, ಬಟ್ಟೆ ಒಪ್ಪದ ಬೇಬಿ ಸಿಟ್ಟಿಂಗಿಗೆ ಬಿಸಾಡುವುದನ್ನು ಉಳಿಸಿಕೊಂಡರೆ, ಅದರೊಳಗಿನ ಮಲವನ್ನು ಮೊದಲು ಟಾಯ್ಲೆಟ್ಟಿಗೆ ಉದುರಿಸಿ. ಡೈಪರನ್ನೇ ಟಾಯ್ಲೆಟ್ಟಿಗೆ ಹಾಕಿದರೆ ಪೈಪ್ ಕಟ್ಟುತ್ತದೆ. ಬಳಸಿದ ಡೈಪರನ್ನು ಕಾಗದದಲ್ಲಿ ಭದ್ರವಾಗಿ ಸುತ್ತಿ ಕೊಡುವುದು ಮನೆಯವರ ಹೊಣೆ. ಪುಣೆಯಲ್ಲಿ ಕಸ ಆಯುವ ಕಾರ್ಮಿಕರ ಸಹಕಾರ ಸಂಘ ‘ಸ್ವಚ್ಛ್’ ಅದರ ಮೇಲೆ ಒಂದು ಕೆಂಪು ಚುಕ್ಕೆ ಹಾಕಿ ಕೊಡಿ ಎಂದು ಕೇಳಿಕೊಂಡಿತ್ತು. ಕೆಂಪು ಚುಕ್ಕೆ ಇದ್ದರೆ ಕಸ ಬೇರ್ಪಡಿಸುವ ಹೆಂಗಸರು ಒಳಗೇನಿದೆ ಎಂದು ಬರಿಗೈಯಲ್ಲಿ ಬಿಚ್ಚಿ ನೋಡಬೇಕಾಗುವುದಿಲ್ಲ. ನೀವಿರುವ ಊರಿನಲ್ಲಿ ಹಸಿ ಕಸ, ಒಣ ಕಸದಿಂದ ಇದನ್ನು ಬೇರೆಯಾಗಿ ತೆಗೆದುಕೊಳ್ಳುತ್ತಾರೆಯೇ ಎಂದು ಕಸದ ಗಾಡಿಯವರನ್ನು ಕೇಳಿ. ಇಲ್ಲದಿದ್ದರೂ ಸುತ್ತಿ, ಕೆಂಪು ಸ್ಕೆಚ್‌ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟೇ ಕೊಡಿ.